ಹೆಸರು ಹೇಳದೆ ಬೇಡಿರಿ

ಸಿಂದಗಿ

ಮಾರ್ಥಾ ಅಕ್ಕಾವರಿಗೆ ನಮಸ್ಕಾರ.

ಮಗಳಿಗೆ ಕಿವಿ ಕೇಳಿಸುವುದಿಲ್ಲವೆಂದು ನಿಮಗೊಬ್ಬರಿಗೇ ಹೇಳಿದ್ದೆ. ಭಾನುವಾರದ ಪ್ರಾರ್ಥನೆಯಲ್ಲಿ ನೀವು ಎಲ್ಲರೆದುರು ನನ್ನ ಹೆಸರು ಹಿಡಿದು ಅವಳಿಗಾಗಿ ಬೇಡಿದಿರಿ. ಪ್ರೀತಿಯಿಂದಲೇ ಬೇಡಿದಿರೆಂದು ಬಲ್ಲೆ. ಆದರೆ ಮಾತು ಮೋರಟಗಿಯವರೆಗೆ ಹೋಗಿ, ಅಲ್ಲಿ ನನ್ನ ನಾದಿನಿಯನ್ನು ಒಪ್ಪಿದ್ದ ಗಂಡಿನ ಕಡೆಯವರು, ಮನೆತನದಲ್ಲೇ ಕಿವುಡುತನವಿದೆಯೆಂದು ಹಿಂದೆ ಸರಿದರು.

“ಮನಿ ಮಾನ ಮಂದಿ ಮುಂದ ಹರವಿ ಬಂದ್ಯಲ್ಲವ್ವಾ,” ಎಂದು ಅತ್ತೆ ಅತ್ತರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಇನ್ನು ನಾನು ಪ್ರಾರ್ಥನೆಗೆ ಬರುವಂತಿಲ್ಲ. ನೀವು ಕೊಟ್ಟ ಬೈಬಲನ್ನು ಈ ಪತ್ರದೊಂದಿಗೆ ಮರಳಿಸುತ್ತಿದ್ದೇನೆ. ಗುಂಪಿನಲ್ಲಿ ಹಿಂದಿನಿಂದ ಬಂದು ಯೇಸುವಿನ ಉಡುಪಿನ ಅಂಚು ಮುಟ್ಟಿ ವಾಸಿಯಾದ ಹೆಂಗಸಿನ ಪುಟ ಮಡಿಸಿದ್ದೇನೆ. ನಿದ್ದೆ ಬಾರದಾಗ ಅದನ್ನೇ ಓದುತ್ತಿದ್ದೆ. ಅಕ್ಕಾ, ಅವಳ ಹೆಸರನ್ನು ಅಲ್ಲಿ ಯಾರೂ ಬರೆದಿಲ್ಲ.

ಮಗಳಿಗಾಗಿ ಬೇಡುವುದನ್ನು ಬಿಡಬೇಡಿರಿ. ಹೆಸರು ಮಾತ್ರ ಹೇಳಬೇಡಿರಿ.

ಇಂತಿ,
ನಿಮಗೆ ಗೊತ್ತಿರುವ ತಾಯಿ