ಪಪ್ಪನ ಜೀಪಿಗೆ ಬಡಿಸಿದ ಎಲೆ

ಪಪ್ಪ,

‘ತೀರ್ಥರೂಪರಾದ ತಂದೆಯವರಿಗೆ’ ಎಂದು ಶುರು ಮಾಡಿ ಎರಡು ಸಲ ಹೊಡೆದು ಹಾಕಿದೆ. ಮನೆಯಲ್ಲಿ ನಾವು ತುಳುವಿನಲ್ಲಿ ಮಾತಾಡಿದವರೇ ಹೊರತು ಬರೆದವರಲ್ಲ, ಹಾಗಾಗಿ ಇದು ಕನ್ನಡದಲ್ಲಿ. ಜಗಳಕ್ಕೆ ಕನ್ನಡವೂ ಆಗುತ್ತದೆ. ವಿಷಯ ನಿಮ್ಮ ಜೀಪಿನದ್ದು. ಅದರ ಆರ್‌ಸಿ ಈ ತಿಂಗಳಿಗೆ ಮುಗಿಯುತ್ತದೆ. ರಿಪೇರಿ ಮಾಡಿಸಿ ಇನ್ನೈದು ವರ್ಷ ಇಟ್ಟುಕೊಳ್ಳುವುದೋ, ಗುಜರಿಗೆ ಹಾಕಿ ಅಮ್ಮನಿಗೆ ಹತ್ತಲು ಇಳಿಯಲು ಆಗುವಂಥ ಸಣ್ಣ ಕಾರು ತರುವುದೋ ಎಂದು ನಾನು ತೀರ್ಮಾನಿಸಬೇಕು. ಕತಾರಿನಿಂದ ಅಣ್ಣ ಫೋನು ಮಾಡಿದ್ದ. “ಅದು ಪಪ್ಪನ ನೆನಪು ಮಾರಾಯ್ತಿ. ಕೊಡ್ಲಿಕ್ಕೆ ನಿನಗೆ ಮನಸ್ಸಾದರೂ ಹೇಗೆ ಬರ್ತದೆ?” ಎಂದ. ನೆನಪು ಅವನದ್ದು, ಬ್ಯಾಟರಿ ಬದಲಿಸುವುದು ನಾನು.

ಅದನ್ನು ನೀವು ತಂದ ದಿನ ನನಗೆ ಹತ್ತು ವರ್ಷ. ಶಕ್ತಿನಗರದ ನಮ್ಮ ಓಣಿಯಲ್ಲಿ ನಿಲ್ಲಿಸಿ, ಗೇರ್ ಕೋಲಿನ ಪಕ್ಕದ ಸಣ್ಣ ಲಿವರನ್ನು ನೆರೆಯವರಿಗೆಲ್ಲ ತೋರಿಸಿದಿರಿ. “ಇದನ್ನು ಎಳೆದ್ರೆ ನಾಲ್ಕೂ ಚಕ್ರ ಎಳೀತದೆ. ಗದ್ದೆ ಆಗಲಿ, ಗುಡ್ಡೆ ಆಗಲಿ, ನಿಲ್ಲುವ ಗಾಡಿ ಅಲ್ಲ ಇದು.” ಲಿವರ್ ಎಳೆಯುವ ಮೊದಲು ಯಾರಾದರೂ ಇಳಿದು ಮುಂದಿನ ಎರಡೂ ಚಕ್ರಗಳ ಮಧ್ಯದಲ್ಲಿರುವ ಒಂದೊಂದು ಗುಂಡು ತಿರುಪನ್ನು, ನೀವು ‘ಹಬ್ ಲಾಕ್’ ಎನ್ನುತ್ತಿದ್ದದ್ದನ್ನು, ಕೈಯಿಂದ ತಿರುಗಿಸಬೇಕಿತ್ತು. ಆ ಕೆಲಸವನ್ನು ನನಗೆ ಕೊಟ್ಟಿರಿ. ಅಣ್ಣನಿಗೆ ಕೊಡದೆ ನನಗೆ ಕೊಟ್ಟಿರಿ ಎಂದು ಎಷ್ಟು ಬೀಗಿದ್ದೆ ಗೊತ್ತೇ? ಅದೇ ದಿನ ಅಮ್ಮ, ಹತ್ತಲಿಕ್ಕೆ ಒಂದು ಮೆಟ್ಟಿಲು ಹಾಕಿಸಿ ಎಂದಿದ್ದರು. ಮೆಟ್ಟಿಲು ಹಾಕಿದರೆ ಜೀಪಿನ ಅಂದ ಕೆಡುತ್ತದಂತೆ. ಅಮ್ಮ ಇಂದಿಗೂ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಿಂತು ಹತ್ತುತ್ತಾರೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬುದು ನಿಮ್ಮಂಥವರನ್ನು ನೋಡಿಯೇ ಹುಟ್ಟಿದ ಮಾತಿರಬೇಕು.

ಅಜ್ಜಿಗೆ ಎದೆನೋವು ಬಂದ ಬೆಳಿಗ್ಗೆ ನನಗೆ ಹದಿಮೂರು ವರ್ಷ. ಅಮ್ಮನ ಅಮ್ಮ, ನನ್ನ ಜಡೆ ಹಾಕುತ್ತಾ ಒಣಮೀನಿನ ಚಟ್ನಿ ತಿನ್ನಿಸುತ್ತಿದ್ದ ಅಜ್ಜಿ. ಅವರ ಮನೆಗೆ ರಸ್ತೆಯಿಂದ ಗದ್ದೆ ದಾಟಿ ಹೋಗಬೇಕು. ನಾವು ತಲುಪಿದಾಗ ನೆರೆಯ ನಾಲ್ಕು ಜನ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಹೊರಲು ತಯಾರಾಗಿದ್ದರು, ರಸ್ತೆಯಲ್ಲಿ ರಿಕ್ಷಾ ಕಾಯುತ್ತಿತ್ತು. ನೀವು ಒಪ್ಪಲಿಲ್ಲ. “ನನ್ನ ಫೋರ್ ವೀಲ್ ಇರುವಾಗ ಅತ್ತೆಯನ್ನು ಕುರ್ಚಿಯಲ್ಲಿ ಹೊರುವುದಾ?” ಎಂದು ಜೀಪನ್ನು ಗದ್ದೆಗೆ ಇಳಿಸಿ, ಅಂಗಳದವರೆಗೆ ಹೇಗೋ ತಂದಿರಿ. ಅಜ್ಜಿಯನ್ನು ಹಿಂದೆ ಮಲಗಿಸಿ ಹಿಂದಿರುಗುವಾಗ ನಡುಗದ್ದೆಯಲ್ಲಿ ಜೀಪು ಹೂತಿತು. ನಾನು ಮೊಣಕಾಲುದ್ದ ಕೆಸರಿಗಿಳಿದು ಎರಡೂ ಲಾಕ್ ತಿರುಗಿಸಿದೆ, ಬಲಕ್ಕೆ, ಕೊನೆಯವರೆಗೆ. ನೀವು ಲಿವರ್ ಎಳೆದಿರಿ. ಹಿಂದಿನ ಚಕ್ರ ಕೆಸರು ಹಾರಿಸಿತು, ಮುಂದಿನದು ಅಲ್ಲಾಡಲಿಲ್ಲ. ಮತ್ತೆ ತಿರುಗಿಸು ಎಂದಿರಿ. ಮತ್ತೆ. ಎಷ್ಟು ಸಲ ಪಪ್ಪ? ಕೊನೆಗೆ ಅದೇ ಕುರ್ಚಿ ತಂದು ಅದೇ ನಾಲ್ಕು ಜನ ಹೊತ್ತರು. ರಿಕ್ಷಾ ಆಸ್ಪತ್ರೆ ಮುಟ್ಟುವಾಗ ಅಜ್ಜಿ…

ಅಜ್ಜಿಯ ಉತ್ತರಕ್ರಿಯೆಯ ದಿನ, ಬೊಜ್ಜದ ಊಟದಲ್ಲಿ ನಾನು ನೀರು ಬಡಿಸುತ್ತಿದ್ದೆ. ಪಂಕ್ತಿಯಲ್ಲಿ ಯಾರೋ ನಿಮ್ಮನ್ನು, ಅಂಥ ಗಾಡಿ ಇದ್ದೂ ಹೀಗೆ ಹೇಗಾಯಿತು ಎಂದು ಕೇಳಿದರು. ಅನ್ನ ಕಲಸುತ್ತಲೇ ನೀವು, “ಗಾಡಿದ್ದು ಎಂತ ತಪ್ಪು? ಲಾಕ್ ತಿರುಗಿಸ್ಲಿಕ್ಕೆ ಮಗಳಿಗೆ ಹೇಳಿದ್ದೆ. ಅವಳು ಸರಿ ತಿರುಗಿಸ್ಲಿಲ್ಲ” ಎಂದಿರಿ. ಇಡೀ ಪಂಕ್ತಿ ನನ್ನ ಕಡೆ ನೋಡಿತು. ಅಯ್ಯೋ, ಮಗು ಅಲ್ವಾ, ಬಿಡಿ ಎಂದು ಯಾರೋ ಹೇಳಿದರು. ಆ ‘ಬಿಡಿ’ಯನ್ನು ನಾನು ಇಪ್ಪತ್ತನಾಲ್ಕು ವರ್ಷ ಬಿಡಲಿಲ್ಲ. ಗ್ಯಾಸಿನ ತಿರುಪು, ಬಾಗಿಲಿನ ಬೀಗ, ನಲ್ಲಿ, ತಿರುಗಿಸುವ ಯಾವ ವಸ್ತುವನ್ನೂ ನಾನು ಒಂದೇ ಸಲ ನಂಬುವುದಿಲ್ಲ. ಮದುವೆಯಾದ ಹೊಸದರಲ್ಲಿ ನನ್ನ ಗಂಡ ಇದನ್ನು ನೋಡಿ ನಗುತ್ತಿದ್ದರು. ಕಾರಣ ಹೇಳಿದ ಮೇಲೆ ನಗಲಿಲ್ಲ.

ನೀವು ತೀರಿಹೋದ ವರ್ಷವೇ ಜೀಪನ್ನು ಕೊಡಬೇಕೆಂದಿದ್ದೆ. ಅಣ್ಣ ಭಟ್ಟರ ಹತ್ತಿರ ಜ್ಯೋತಿಷ್ಯದ ಪ್ರಶ್ನೆ ಇಡಿಸಿದ. ಭಟ್ಟರು ಕವಡೆ ಸರಿಸಿ, “ಹೋದವರಿಗೆ ವಾಹನದ ಮೇಲೆ ಆಸೆ ಉಂಟು. ಅದರಲ್ಲೇ ಇದ್ದಾರೆ” ಎಂದರು. ಆಮೇಲೆ, ಮಳೆಗಾಲದ ಆಟಿ ತಿಂಗಳಲ್ಲಿ ಪ್ರತಿವರ್ಷ ಸತ್ತವರಿಗೆ ಬಡಿಸುವ ಎಲೆಯನ್ನು ಅಮ್ಮ ಕೋಣೆಯೊಳಗೆ ಹಾಕುವುದು ಬಿಟ್ಟು ಜೀಪಿನ ಡ್ರೈವರ್ ಸೀಟಿನಲ್ಲಿ ಹಾಕಿದರು. ಕೋಳಿಸಾರು, ರೊಟ್ಟಿ, ಒಂದು ಗ್ಲಾಸು ಬ್ರಾಂಡಿ. ನೀವು ನೆಮ್ಮದಿಯಿಂದ ಉಣ್ಣಲಿ ಎಂದು ಜೀಪಿನ ಬಾಗಿಲು ಹಾಕಿ, ನಾವು ಅಂಗಳದಲ್ಲಿ ಬೆನ್ನು ಮಾಡಿ ನಿಲ್ಲುತ್ತಿದ್ದೆವು. ಎರಡು ವರ್ಷ ಹೀಗೆ ನಡೆಯಿತು. ಕೋಳಿ ತಿಂದದ್ದು ಆಚೆಮನೆಯ ಬೆಕ್ಕು.

ಹೋದ ವಾರ ಅಮ್ಮನನ್ನು ಮಂಡಿನೋವಿಗೆ ಕೊಡಿಯಾಲ್‌ಬೈಲಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿ ಬರುವಾಗ ನಂತೂರಿನಲ್ಲಿ ನಿಮ್ಮ ಜೀಪು ನಿಂತಿತು. ಹಿಂದೆ ಲಾರಿಗಳ ಹಾರನ್, ಒಳಗೆ ಸ್ಟೂಲಿಲ್ಲದೆ ಇಳಿಯಲಾರದ ಅಮ್ಮ. ಹೇಗೋ ಎಳೆಸಿ ನಿಮ್ಮ ಹಳೆಯ ಮೆಕ್ಯಾನಿಕ್ ಸಂಜೀವಣ್ಣನ ಗ್ಯಾರೇಜಿಗೆ ಮುಟ್ಟಿಸಿದೆ. ಇಟ್ಟುಕೊಳ್ಳುವುದಾದರೆ ಏನೇನು ಮಾಡಿಸಬೇಕು, ಫೋರ್ ವೀಲನ್ನೂ ನೋಡಿ ಎಂದೆ. ಅವರು ನನ್ನನ್ನೇ ನೋಡಿದರು.

“ಅದರಲ್ಲಿ ನೋಡ್ಲಿಕ್ಕೆ ಎಂತ ಉಂಟು ಅಕ್ಕ? ಮುಂದಿನ ಶಾಫ್ಟೇ ಇಲ್ವಲ್ಲ.”

ಎಂಜಿನ್ನಿನ ಬಲವನ್ನು ಮುಂದಿನ ಚಕ್ರಕ್ಕೆ ಒಯ್ಯುವ ಕಬ್ಬಿಣದ ಕೊಳವೆ ಅದು. ಅದಿಲ್ಲದಿದ್ದರೆ ಲಿವರ್ ಎಳೆದರೂ, ಲಾಕ್ ತಿರುಗಿಸಿದರೂ ಮುಂದಿನ ಚಕ್ರ ಎಳೆಯುವುದಿಲ್ಲ. ಯಾವಾಗ ತೆಗೆದದ್ದು ಎಂದು ಕೇಳಿದೆ.

“ಜೀಪು ತಂದ ವರ್ಷವೇ. ಶಬ್ದ ಮಾಡ್ತದೆ, ಡೀಸೆಲ್ ಕುಡೀತದೆ, ತೆಗಿ ಅಂತ ನಿಮ್ಮ ಪಪ್ಪನೇ ಹೇಳಿದ್ದು. ತುಂಬ ಜನ ತೆಗೆಸ್ತಾರೆ. ಗೋಣಿಯಲ್ಲಿ ಸುತ್ತಿ ನಾನೇ ಮನೆಗೆ ತಂದು ಕೊಟ್ಟಿದ್ದೆ.”

ತಂದ ವರ್ಷವೇ. ಅಂದರೆ ಆ ಗದ್ದೆಗೆ ಮೂರು ವರ್ಷ ಮೊದಲು. ನೀವು ಲಿವರ್ ಎಳೆಯುವಾಗ ನಿಮಗೆ ಗೊತ್ತಿತ್ತು. ಮತ್ತೆ ತಿರುಗಿಸು ಎನ್ನುವಾಗ ಗೊತ್ತಿತ್ತು. ಅನ್ನ ಕಲಸುವಾಗಲೂ… ಗಂಟಲಲ್ಲಿ ಹೇಗೆ ಇಳಿಯಿತು ಪಪ್ಪ ಆ ಅನ್ನ?

ಮನೆಗೆ ಬಂದು ಹೇಳಿದಾಗ ಅಮ್ಮ ಬಂಗುಡೆ ಮೀನು ಕತ್ತರಿಸುತ್ತಿದ್ದರು. ಕತ್ತಿಯಿಂದ ಕಣ್ಣೆತ್ತಲಿಲ್ಲ. “ನನಗೆ ಗೊತ್ತುಂಟು” ಎಂದರು. “ಅಷ್ಟು ಜನರ ಎದುರು ಅವರ ಮರ್ಯಾದೆ ಹೇಗೆ ತೆಗೆಯುವುದು? ನೀನು ಸಣ್ಣವಳು, ಮರೆತು ಬಿಡ್ತಿ ಅಂತ ಎಣಿಸಿದೆ.” ಸತ್ತದ್ದು ಅವರ ಸ್ವಂತ ಅಮ್ಮ! ಆ ಶಾಫ್ಟ್ ಎಲ್ಲಿ ಎಂದು ಕೇಳಿದರೆ ಗದ್ದದಿಂದಲೇ ಹಿತ್ತಲು ತೋರಿಸಿದರು. ಬಾವಿಗೆ ಹಾಸಿದ ಬಲೆ ಗಾಳಿಗೆ ಹಾರದ ಹಾಗೆ ಮೇಲೆ ಒಂದು ತುಕ್ಕು ಹಿಡಿದ ಕಬ್ಬಿಣ ಇಟ್ಟಿದ್ದೀರಲ್ಲ, ಅದು. ಅಜ್ಜಿಯನ್ನು ಕೊಂದವಳು ನಾನು ಎಂದುಕೊಳ್ಳುತ್ತಾ, ನೀರು ಸೇದಲು ದಿನಾ ನಾನೇ ಅದನ್ನು ಎತ್ತಿ ಬದಿಗಿಟ್ಟಿದ್ದೇನೆ. ಅಮ್ಮನ ಮೇಲಿನ ಸಿಟ್ಟಿಗೆ ಕಾಗದ ಬೇಡ. ಅವರು ಬದುಕಿದ್ದಾರೆ, ಎದುರೇ ಹೇಳುತ್ತೇನೆ.

ನಿನ್ನೆ ಆಟಿಯ ಎಲೆ ನಾನು ಹಾಕಿದೆ. ಜೀಪಿನಲ್ಲೇ, ಡ್ರೈವರ್ ಸೀಟಿನಲ್ಲೇ. ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ. ಅಜ್ಜಿಗೆ. ನಿಮಗೆ ಬಡಿಸಲಿಲ್ಲ, ಇನ್ನು ಬಡಿಸುವುದೂ ಇಲ್ಲ. ಅಮ್ಮ ಎಲೆಯನ್ನು ನೋಡಿದರು, ನನ್ನನ್ನು ನೋಡಿದರು, ಬ್ರಾಂಡಿ ಬಾಟ್ಲಿಯನ್ನು ಒಳಗೆ ಕೊಂಡುಹೋದರು. ಅಣ್ಣನಿಗೆ ನೆನಪು ಬೇಕಂತಲ್ಲ, ಊರಿಗೆ ಬಂದಾಗ ಶಾಫ್ಟ್ ಕೊಡುತ್ತೇನೆ. ಯಾಕೆಂದು ಕೇಳಿದರೆ ಪೂರ್ತಿ ಕತೆ ಹೇಳುತ್ತೇನೆ.

ಸೋಮವಾರ ಗುಜರಿಯವರು ಬರುತ್ತಾರೆ. ಅಂಗಳದಲ್ಲೇ ಗ್ಯಾಸಿನಲ್ಲಿ ಕತ್ತರಿಸಿ ಒಯ್ಯುತ್ತಾರಂತೆ. ಭಟ್ಟರು ಹೇಳಿದ್ದು ನಿಜವಾದರೆ ನೀವು ಇನ್ನೂ ಅದರಲ್ಲೇ ಕೂತಿದ್ದೀರಿ. ತಪ್ಪಿಸಿಕೊಳ್ಳಬೇಕೆಂದಿದ್ದರೆ ದಾರಿ ನಾನು ಹೇಳಿಕೊಡುತ್ತೇನೆ, ನನಗೆ ಚೆನ್ನಾಗಿ ಗೊತ್ತು. ಇಳಿಯಿರಿ. ಎರಡೂ ಲಾಕ್ ತಿರುಗಿಸಿ, ಬಲಕ್ಕೆ, ಕೊನೆಯವರೆಗೆ. ಮತ್ತೆ ಹತ್ತಿ ಲಿವರ್ ಎಳೆಯಿರಿ. ಹೊರಡದಿದ್ದರೆ ಮತ್ತೆ ಇಳಿದು ಮತ್ತೆ ತಿರುಗಿಸಿ. ಆಗಲೂ ಹೊರಡದಿದ್ದರೆ ಚಿಂತೆ ಬೇಡ. ಪಪ್ಪ ಎಲ್ಲಿ ಹೋದರು ಎಂದು ಕೇಳಿದವರಿಗೆಲ್ಲ ನಾನು ಹೇಳುತ್ತೇನೆ: ಗಾಡಿಯ ತಪ್ಪೇನಿಲ್ಲ, ಅವರು ಸರಿ ತಿರುಗಿಸಲಿಲ್ಲ.