ಅಪ್ಪನ ಪರದೆಯ ಲಾಂದ್ರ

ಅಕ್ಟೋಬರ್ 23, ಮಂಗಳವಾರ. ಬೀಜಿಂಗ್.

ಅಪ್ಪನ ನಗು ಇನ್ನೂ ಕಿವಿಯಲ್ಲೇ ಇದೆ. ಬೈದಿದ್ದರೆ ನಿದ್ದೆ ಬರುತ್ತಿತ್ತೇನೋ.

ನಮ್ಮ ಕಂಪನಿ ಪುಕ್ಕಟೆ ಕೊಡುವ ವೈರಸ್ ಕಾವಲಿನ ತಂತ್ರಾಂಶವನ್ನು ಲೋಯಾಂಗ್‌ನಲ್ಲಿರುವ ಅಪ್ಪನ ಮನೆಯ ಕಂಪ್ಯೂಟರಿಗೆ ಹಾಕಿಕೊಟ್ಟವಳು ನಾನೇ. ಪರದೆಯ ಮೂಲೆಯಲ್ಲಿ ಪುಟ್ಟ ಲಾಂದ್ರವೊಂದು ಉರಿಯುತ್ತಿರುತ್ತದೆ. ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದ ಕೂಡಲೇ ಅದು, ‘ಕಂಪ್ಯೂಟರ್ ಶುರುವಾಗುವ ವೇಗದಲ್ಲಿ ನೀವು ದೇಶದ ನೂರಕ್ಕೆ ತೊಂಬತ್ತು ಜನರನ್ನು ಸೋಲಿಸಿದಿರಿ’ ಎನ್ನುತ್ತದೆ. ಆ ಸಾಲು ಬರೆದವಳೂ ನಾನೇ. ಅಪ್ಪ ಅದನ್ನು ಪಕ್ಕದ ಮನೆಯ ಚೂ ಮಾಮನಿಗೆ ಕೂಗಿ ಹೇಳಿದ ಮೇಲೆಯೇ ಗಂಜಿ ಕುಡಿಯುವುದು.

ನಿನ್ನೆ ರಾತ್ರಿ ಕಾವಲಿನ ಜೊತೆಗೇ ನಮ್ಮ ಹೊಸ ಹುಡುಕಾಟದ ಪುಟವನ್ನೂ ಎಲ್ಲರ ಕಂಪ್ಯೂಟರಿಗೆ ಇಳಿಸಿ, ಇಂಟರ್ನೆಟ್ ತೆರೆದರೆ ಮೊದಲು ಅದೇ ಬರುವಂತೆ ಮಾಡಿದೆವು. ಯಾರನ್ನೂ ಕೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ದೇಶದಲ್ಲಿ ಹತ್ತರಲ್ಲೊಬ್ಬರು ನಮ್ಮಲ್ಲೇ ಹುಡುಕುತ್ತಿದ್ದರು. ಆಫೀಸಿನ ತುಂಬ ಚಪ್ಪಾಳೆ. ಸಕ್ಕರೆ ಪಾಕ ಮೆತ್ತಿದ ಹಣ್ಣಿನ ಕಡ್ಡಿ ಹಂಚಿದರು.

ಆಗಲೇ ಅಪ್ಪನ ಫೋನು.

“ಪುಟ್ಟೀ, ರಾತ್ರಿ ಯಾರೋ ಒಳಗೆ ನುಗ್ಗಿ ನನ್ನ ಮೊದಲ ಪುಟಾನೇ ಬದಲಾಯಿಸಿಬಿಟ್ಟಿದಾರೆ ಕಣೇ. ಕಳ್ಳ ಬಂದ್ರೂ ನಿಮ್ಮ ಲಾಂದ್ರ ತುಟಿ ಪಿಟಕ್ಕೆನ್ನಲಿಲ್ವಲ್ಲ!”

“ಕಳ್ಳ ಅಲ್ಲಪ್ಪಾ. ನಾವೇ.”

“ಓ, ನೀನಾ?” ನಕ್ಕರು. “ಮೊದಲೇ ಹೇಳ್ಬಾರ್ದಾ? ನೀನು ಅಂದ್ಮೇಲೆ ಮುಗೀತು ಬಿಡು.”

ಕಿಟಕಿಯಾಚೆ ಮಂಜು. ಕಣ್ಣು ಮುಚ್ಚಿದರೆ ಕೋಟ್ಯಂತರ ಲಾಂದ್ರಗಳು ಹೊಳೆಯಲ್ಲಿ ಬಿಟ್ಟ ದೀಪಗಳ ಹಾಗೆ ಮೆಲ್ಲಗೆ ತೇಲಿಹೋಗುತ್ತವೆ. ಒಂದೊಂದರ ಪಕ್ಕದಲ್ಲೂ ಯಾರದೋ ಅಪ್ಪ ನಿಶ್ಚಿಂತೆಯಿಂದ ಮಲಗಿದ್ದಾರೆ. ಅವರ ಪುಟವೂ ಇವತ್ತು ಬದಲಾಗಿತ್ತು. ರಾತ್ರಿ ಬಂದವರು ಯಾರೆಂದು ಅವರು ಯಾರಿಗೆ ಫೋನು ಮಾಡಿ ಕೇಳುತ್ತಾರೆ?