ಕ್ರಮ್‌ನ ಕಲ್ಲು

ಕ್ರಮ್‌ವಿಲ್, ಕಾನ್ಸಸ್
ಜುಲೈ 1911

ಅಕ್ಕಾ,
ಒಂದು ಹಲ್ಲು ಕಿತ್ತರು, ಇನ್ನೊಂದು ಗುರುವಾರವಂತೆ. ಕೆನ್ನೆ ಊದಿದೆ, ಗಾಬರಿಯಾಗಬೇಡ. ನಮ್ಮೂರಿನ ಎದುರಾಳಿಯೆಂದು ಅಪ್ಪ ಕಾಲಿಡಬೇಡಿ ಎಂದಿದ್ದ ಊರಲ್ಲವೇ, ಗುರುತಿನವರಿಲ್ಲ; ಹೊತ್ತು ಹೋಗದೆ ಸ್ಮಶಾನ ನೋಡಿ ಬಂದೆ. ಊರು ಕಟ್ಟಿದವನೆಂದು ಆ ಥ್ಯಾಡಿಯಸ್ ಕ್ರಮ್‌ಗೆ ಮೂರಾಳೆತ್ತರದ ಕಲ್ಲು ನಿಲ್ಲಿಸಿದ್ದಾರೆ! ನಮ್ಮೂರು ಕಟ್ಟಿದ ಅಪ್ಪನ ಗೋರಿಗೆ ಬೇಲಿಯ ಹಲಗೆ. ಹೊಟ್ಟೆ ಉರಿದುಹೋಯಿತು.

ನಾನು ಯಾರ ಮಗಳೆಂದು ತಿಳಿದು ಕಾವಲುಗಾರ, "ನಿಮ್ಮೂರಲ್ಲಿ ಇನ್ನೇನಿದೆ ತಾಯಿ, ಮೂರು ಮನೆ! ನಿಮ್ಮಪ್ಪನ್ನೂ ಇಲ್ಲಿಗೇ ತಂದ್ಬಿಡಿ. ಕ್ರಮ್ ಸಾಹೇಬ್ರ ಕಾಲ್ಹತ್ರ ಜಾಗ ಇದೆ" ಎಂದ.

"ತಲೆ ಹತ್ರ ಇದ್ರೆ ಹೇಳಪ್ಪಾ" ಎಂದೆ.

ಅವನು ನಕ್ಕು, ನಲ್ಲಿ ತಿರುಗಿಸಿ ಗೋರಿಯ ಹುಲ್ಲಿಗೆ ನೀರು ಬಿಟ್ಟ. ಅಕ್ಕಾ, ಅಪ್ಪ ಹನ್ನೊಂದು ಬಾವಿ ತೋಡಿಯೂ ಕಾಣದ ನೀರನ್ನು ಇಲ್ಲಿ ಸತ್ತವರಿಗೆ ಸುರಿಯುತ್ತಾರೆ.

ಅವಸರದಲ್ಲಿ,
ಎಫಿ